ರೇಡಿಯೋ ಸೆಟ್ಟು, ಲೈವ್ ಸ್ಟ್ರೀಮು, ಪಾಡ್‌ಕಾಸ್ಟು: ನನ್ನ ಓಟು ಸೆಟ್ಟಿಗೇ

ಹೊಸ ರೇಡಿಯೋ ಸೆಟ್ ತಗೊಂಡ್ಮೇಲೆ ಫೋನಲ್ಲಿ ರೇಡಿಯೋ ಕೇಳೋದು ಹೆಚ್ಚುಕಮ್ಮಿ ನಿಂತೇಹೋಗಿದೆ. ಸಾರ್ವಜನಿಕ ರೇಡಿಯೋದ ಸಂಗೀತ, ನಾಟಕ, ಪಾಠ ಎಲ್ಲಾನೂ ಸೆಟ್ಟು, ಸ್ಟ್ರೀಮು, ಪಾಡ್‌ಕಾಸ್ಟು ಮೂರರಲ್ಲೂ ಕೇಳಿ ನೋಡಿದೀನಿ, ಸೆಟ್ಟಿಗೆ ಸಾಟಿ ಇಲ್ಲ.

ಪಾಡ್‌ಕಾಸ್ಟಿನ ದೊಡ್ಡ ತಲೆನೋವು ಸಂಗೀತ. ಒಂದು ರಾಗದ ಬಗ್ಗೆ ಒಳ್ಳೇ ಕಾರ್ಯಕ್ರಮ ಬಂದಿತ್ತು, ಪ್ರಸಾರದಲ್ಲಿ ಪೂರ್ತಿ ಕೇಳಿದ್ದೆ, ಇನ್ನೊಂದ್ಸಲ ಕೇಳೋಣ ಅಂತ ಪಾಡ್‌ಕಾಸ್ಟ್ ಹಾಕಿದ್ರೆ ನಿರೂಪಕರು "ಈಗ ನಿಷಾದದ ಮೇಲೆ ಹೇಗೆ ನಿಲ್ತಾರೆ ಗಮನಿಸಿ" ಅಂತಾರೆ, ಗಾಯಕರು ಅಲ್ಲಿಗೆ ಮುಟ್ಟೋಷ್ಟರಲ್ಲೇ ಸೌಂಡ್ ಇಳಿದು ಮುಂದಿನ ಮಾತು ಶುರು! ಕೊನೇವರೆಗೂ ಇದೇ ಕಥೆ.

ಕಾರಣ ಹಕ್ಕುಗಳದ್ದು. ಪ್ರಸಾರಕ್ಕೆ ನಿಲಯಗಳು ಸಾಮಾನ್ಯವಾಗಿ ಒಟ್ಟಾರೆ ಲೈಸೆನ್ಸ್ ತಗೊಂಡಿರ್ತವೆ, ಅದೇ ರೆಕಾರ್ಡಿಂಗನ್ನ ಡೌನ್‌ಲೋಡ್‌ಗೆ ಕೊಡಬೇಕಂದ್ರೆ ರೆಕಾರ್ಡಿಂಗ್ ಕಂಪನಿ, ಸಂಯೋಜಕರು ಅಂತ ಬೇರೆಬೇರೆ ಒಪ್ಪಿಗೆ ಬೇಕಾಗುತ್ತೆ, ಹಾಗಾಗಿ ತುಣುಕಷ್ಟೇ ಉಳಿಸ್ತಾರೆ, ಇಲ್ಲಾ ಪಾಡ್‌ಕಾಸ್ಟೇ ಮಾಡಲ್ಲ. ಅವರ ಕಷ್ಟ ಅರ್ಥ ಆಗುತ್ತೆ, ಆದ್ರೂ ಹೊಟ್ಟೆ ಉರಿಯುತ್ತೆ. ಕೇಳೋದನ್ನ ಕಲಿಸೋ ಕಾರ್ಯಕ್ರಮದಲ್ಲಿ ಕೇಳಬೇಕಾದ್ದೇ ಇಲ್ಲ ಅಂದ್ರೆ ಏನು ಮಾಡೋದು?

ಪಾಠದ ವಿಷಯದಲ್ಲಿ ಮಾತ್ರ ಪಾಡ್‌ಕಾಸ್ಟೇ ಮೇಲು, ತಿಳೀದಿದ್ದನ್ನ ಹಿಂದಕ್ಕೆ ಹಾಕಿ ಕೇಳಬಹುದು. ಆದ್ರೆ ಪಾಡ್‌ಕಾಸ್ಟ್ ಆಪ್‌ನಲ್ಲಿ ಮೌನ ಕತ್ತರಿಸೋ ಸೆಟ್ಟಿಂಗ್ ಇದ್ರೆ ಮೊದಲು ಆಫ್ ಮಾಡಿ. ರೇಡಿಯೋ ಪಾಠದಲ್ಲಿ ಪ್ರಶ್ನೆ ಕೇಳಿ ಸುಮ್ಮನಾಗೋದು ನಾವು ಉತ್ತರ ಹೇಳಲಿ ಅಂತಾನೇ. 1974ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಶುರುವಾದ ರೇಡಿಯೋ ಗಣಿತ ಯೋಜನೆ ನಿಂತಿದ್ದೇ ಆ ಬಿಡುವಿನ ಮೇಲೆ, ರೇಡಿಯೋ ಪ್ರಶ್ನೆ ಕೇಳುತ್ತೆ, ತರಗತಿ ಪೂರ್ತಿ ಕೂಗಿ ಉತ್ತರ ಹೇಳುತ್ತೆ. ಆಪ್ ಅದನ್ನ ನುಂಗಿಬಿಟ್ರೆ ಬರೀ ಪ್ರಶ್ನೋತ್ತರ ಓದಿದ ಹಾಗಾಗುತ್ತೆ.

ಲೈವ್ ಸ್ಟ್ರೀಮಲ್ಲಿ ಸಂಗೀತ ಪೂರ್ತಿ ಬರುತ್ತೆ, ನೆಟ್ ಕೈಕೊಡೋವರೆಗೂ. ಬಫರ್ ಆಗಿ ಬರೋದ್ರಿಂದ ತಡ ಬೇರೆ, ಬಿಬಿಸಿ 1924ರಿಂದ ಹಾಕ್ತಿರೋ ಆರು ಪಿಪ್‌ಗಳನ್ನ (ಸರಿಯಾದ ಸಮಯ ತಿಳಿಸೋ ಬೀಪ್ ಸದ್ದು) ಸ್ಟ್ರೀಮಲ್ಲಿ ಕೇಳಿ ಗಡಿಯಾರ ಸರಿಮಾಡಕ್ಕಾಗಲ್ಲ.

ಇನ್ನು ಸೆಟ್ಟು. ಎಫ್‌ಎಂ ಸುಮಾರು 15 ಕಿಲೋಹರ್ಟ್ಸ್‌ವರೆಗಿನ, ಅಂದ್ರೆ ತುಂಬ ಎತ್ತರದ ಸ್ವರಾನೂ ಒಯ್ಯುತ್ತೆ, ತಂಬೂರಿ ಝೇಂಕಾರ ಚೆನ್ನಾಗೇ ಕೇಳುತ್ತೆ. ಮೀಡಿಯಂ ವೇವ್ ಅಷ್ಟು ಸ್ವಚ್ಛ ಅಲ್ಲ, ಆದ್ರೆ ಸೂರ್ಯ ಮುಳುಗಿದ ಮೇಲೆ ವಾತಾವರಣದ ಮೇಲ್ಭಾಗದ ಅಯಾನುಗೋಳದಲ್ಲಿ ಅಲೆಗಳನ್ನ ಹೀರೋ ಕೆಳಗಿನ ಪದರ ಕರಗಿ ಅಲೆಗಳು ಮೇಲಿಂದ ಪುಟಿದು ಬರ್ತವೆ, ದೂರದ ನಿಲಯದ ನಾಟಕಗಳೂ ಸಿಗ್ತವೆ. ಪಕ್ಕದಲ್ಲಿ ಎಲ್‌ಇಡಿ ಬಲ್ಬು, ಚಾರ್ಜರ್ ಇಡಬೇಡಿ, ಬರೀ ಗೊರಗೊರ.

ನಾನು ಕೈಯಲ್ಲಿ ಕೆಲಸ ಇಟ್ಕೊಂಡು ಕೇಳೋನು, ಡೇಟಾಗೆ ದುಡ್ಡು ಸುರಿಯೋ ಮನಸ್ಸೂ ಇಲ್ಲ, ಸೆಟ್ಟು ಒಂದ್ಸಲದ ಖರ್ಚು. ಬರೀ ಪಾಠ ಕೇಳೋರಾದ್ರೆ ಸೆಟ್ ತಗೋಬೇಡಿ, ಫೋನೇ ಸಾಕು.