ಎಲ್‌ಡ್ಯಾಪ್‌ಆ್ಯಡ್ ಬರೀ ಸೇರಿಸುತ್ತದೆ ಅಂತ ನಂಬಬೇಡಿ

ಆಫೀಸಿನಲ್ಲಿ ಡೈರೆಕ್ಟರಿ ಸರ್ವರ್ (ನೌಕರರ ಹೆಸರು, ಗ್ರೂಪುಗಳ ಪಟ್ಟಿ ಇರುವ ಸರ್ವರ್) ನೋಡಿಕೊಳ್ಳುವವರು, ಅದರಲ್ಲೂ ಈಗಷ್ಟೇ ಆ ಕೆಲಸಕ್ಕೆ ಬಂದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಓಪನ್‌ಎಲ್‌ಡ್ಯಾಪ್ ಅನ್ನುವ ಡೈರೆಕ್ಟರಿ ಸಾಫ್ಟ್‌ವೇರಿನ ಎಲ್‌ಡ್ಯಾಪ್‌ಆ್ಯಡ್ ಕಮಾಂಡ್ ಹೊಸದನ್ನು ಸೇರಿಸುತ್ತದೆ ಅಷ್ಟೇ, ಇದ್ದದ್ದನ್ನು ಮುಟ್ಟುವುದಿಲ್ಲ ಅಂತ ನಾನು ನಾಲ್ಕು ವರ್ಷ ನಂಬಿದ್ದೆ. ಅದು ತಪ್ಪು. ಆ ನಂಬಿಕೆಯಿಂದ ಒಂದೇ ಏಟಿಗೆ 412 ಜನರ ವಿಪಿಎನ್, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಬರುವ ದಾರಿ, ಹೋಯಿತು.

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ. ನಮ್ಮ ಆಫೀಸು ದೊಮ್ಮಲೂರಿನಲ್ಲಿ. ಸಂಜೆಯಿಂದಲೇ ಮಳೆ. ರಾತ್ರಿ 10 ಗಂಟೆಗೆ ಮೆಜೆಸ್ಟಿಕ್‌ನಿಂದ ಶಿವಮೊಗ್ಗದ ಬಸ್ಸಿಗೆ ಸೀಟು ಬುಕ್ ಮಾಡಿದ್ದೆ. ಹಬ್ಬದ ಹಿಂದಿನ ದಿನ, ಅದರ ಮೇಲೆ ಮಳೆ ಅಂದರೆ ಮೆಜೆಸ್ಟಿಕ್ ತಲುಪೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ. ಏಳೂವರೆಗೆ ಬ್ಯಾಗು ಹೆಗಲಿಗೆ ಹಾಕುವಾಗ ಆಫೀಸಿನ ಕೆಲಸದ ಒಂದು ಟಿಕೆಟ್ ಬಂತು. ಹೊಸದಾಗಿ ಸೇರಿದ ಮೂವರನ್ನು ವಿಪಿಎನ್ ಗ್ರೂಪಿಗೆ ಸೇರಿಸಬೇಕು. ಐದು ನಿಮಿಷದ ಕೆಲಸ, ಮುಗಿಸಿಯೇ ಹೋಗೋಣ ಅಂತ ಕೂತೆ.

ನನ್ನ ಹತ್ತಿರ ಹಳೇ ಎಲ್‌ಡಿಫ್ ಫೈಲ್ (ಡೈರೆಕ್ಟರಿಯಲ್ಲಿ ಏನು ಬದಲಾಗಬೇಕು ಅಂತ ಬರೆಯುವ ಫೈಲ್) ಒಂದಿತ್ತು. ಯಾರದ್ದೋ ಫೋನ್ ನಂಬರ್ ಬದಲಾಯಿಸೋಕೆ ಬರೆದದ್ದು. ಅದನ್ನೇ ಕಾಪಿ ಮಾಡಿ, ಫೋನ್ ನಂಬರ್ ಇದ್ದ ಕಡೆ ಮೆಂಬರ್ ಅಂತ ಹಾಕಿ, ಕೆಳಗೆ ಮೂರು ಹೆಸರು ಸೇರಿಸಿದೆ. ಫೈಲಿನಲ್ಲಿ ಇದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಓದಿದರೆ ಹೀಗಿತ್ತು:

ಡಿಎನ್: ವಿಪಿಎನ್ ಗ್ರೂಪಿನ ಪೂರ್ತಿ ವಿಳಾಸ
ಚೇಂಜ್‌ಟೈಪ್: ಮಾಡಿಫೈ
ರಿಪ್ಲೇಸ್: ಮೆಂಬರ್
ಮೆಂಬರ್: ಮೊದಲನೆಯವರು
ಮೆಂಬರ್: ಎರಡನೆಯವರು
ಮೆಂಬರ್: ಮೂರನೆಯವರು

ಮೂರನೇ ಸಾಲು ನೋಡಿ. ಒಬ್ಬರಿಗೆ ಒಂದೇ ಫೋನ್ ನಂಬರ್ ಇದ್ದಾಗ ರಿಪ್ಲೇಸ್ ಸರಿ. ಹಳೇದು ಹೋಗುತ್ತದೆ, ಹೊಸದು ಬರುತ್ತದೆ. ಆದರೆ ಗ್ರೂಪಿನ ಮೆಂಬರ್ ಅನ್ನುವುದು ನೂರಾರು ಮೌಲ್ಯಗಳಿರುವ ಆ್ಯಟ್ರಿಬ್ಯೂಟ್, ಅಂದರೆ ಒಂದೇ ಅಂಶದ ಕೆಳಗೆ ನೂರಾರು ಹೆಸರು. ಅಲ್ಲಿ ರಿಪ್ಲೇಸ್ ಅಂದರೆ ಇದ್ದವರೆಲ್ಲರನ್ನೂ ತೆಗೆದು ಈ ಮೂವರನ್ನು ಮಾತ್ರ ಇಡು ಅಂತ ಅರ್ಥ. ಅಲ್ಲಿ ಆ್ಯಡ್ ಅಂತ ಇರಬೇಕಿತ್ತು.

ನಾನು ಆ ಸಾಲಿನ ಕಡೆ ಗಮನ ಕೊಡಲಿಲ್ಲ. ಯಾಕೆಂದರೆ ಓಡಿಸಿದ್ದು ಎಲ್‌ಡ್ಯಾಪ್‌ಆ್ಯಡ್. ಹೆಸರಲ್ಲೇ ಆ್ಯಡ್ ಇದೆ, ಇನ್ನೇನು ಮಾಡೀತು ಅಂತ ನನ್ನ ಲೆಕ್ಕ. ನಿಜ ಏನೆಂದರೆ ಎಲ್‌ಡ್ಯಾಪ್‌ಆ್ಯಡ್, ಇದ್ದದ್ದನ್ನು ಬದಲಾಯಿಸುವ ಎಲ್‌ಡ್ಯಾಪ್‌ಮಾಡಿಫೈ ಎರಡೂ ಒಂದೇ ಪ್ರೋಗ್ರಾಮ್. ಎಲ್‌ಡ್ಯಾಪ್‌ಆ್ಯಡ್ ಅಂತ ಕರೆದರೆ ಮೈನಸ್ ಎ ಅನ್ನುವ ಆಯ್ಕೆ ತಾನಾಗಿಯೇ ಸೇರಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಆ ಆಯ್ಕೆ ಲೆಕ್ಕಕ್ಕೆ ಬರುವುದು ಫೈಲಿನಲ್ಲಿ ಚೇಂಜ್‌ಟೈಪ್ ಸಾಲು ಇಲ್ಲದಿದ್ದಾಗ ಮಾತ್ರ. ಚೇಂಜ್‌ಟೈಪ್ ಇದ್ದರೆ ಫೈಲ್ ಹೇಳಿದ್ದೇ ನಡೆಯುತ್ತದೆ. ಡಿಲೀಟ್ ಅಂತ ಇದ್ದರೆ ಎಲ್‌ಡ್ಯಾಪ್‌ಆ್ಯಡ್ ಎಂಟ್ರಿಯನ್ನೇ (ಡೈರೆಕ್ಟರಿಯ ಆ ದಾಖಲೆಯನ್ನೇ) ಅಳಿಸಿಬಿಡುತ್ತದೆ.

ಸ್ಕ್ರೀನಿನ ಮೇಲೆ ಸುಳಿವೂ ಬಂದಿತ್ತು. 'ಮಾಡಿಫೈಯಿಂಗ್ ಎಂಟ್ರಿ' ಅಂತ ಒಂದೇ ಸಾಲು. ನಿಜವಾಗಿ ಹೊಸ ಎಂಟ್ರಿ ಸೇರಿದ್ದರೆ 'ಆ್ಯಡಿಂಗ್ ನ್ಯೂ ಎಂಟ್ರಿ' ಅಂತ ಬರುತ್ತದೆ. ಎರರ್ ಇಲ್ಲ ಅಂದಮೇಲೆ ಆಯ್ತು ಅಂತ ಟಿಕೆಟ್ ಮುಚ್ಚಿ ಎದ್ದೆ.

ಕೂಡಲೇ ಯಾರೂ ಕರೆ ಮಾಡಲಿಲ್ಲ. ನಮ್ಮಲ್ಲಿ ವಿಪಿಎನ್ ಗ್ರೂಪನ್ನು ನೋಡುವುದು ಲಾಗಿನ್ ಆಗುವಾಗ ಮಾತ್ರ. ಆಗಲೇ ಒಳಗಿದ್ದವರ ಕೆಲಸ ನಡೆಯುತ್ತಲೇ ಇತ್ತು. ಹತ್ತು ಗಂಟೆಗೆ ಮನೆಯಿಂದ ನೈಟ್ ಶಿಫ್ಟ್ ಶುರು ಮಾಡುವವರು ಲಾಗಿನ್ ಆಗೋಕೆ ಹೋದಾಗ ಒಬ್ಬೊಬ್ಬರಾಗಿ ಸಿಕ್ಕಿಕೊಂಡರು. ಬಸ್ಸು ಜಾಲಹಳ್ಳಿ ಕ್ರಾಸ್ ಹತ್ತಿರ ನಿಂತು ನಿಂತು ಹೋಗುತ್ತಿದ್ದಾಗ ನಮ್ಮ ಸೀನಿಯರ್ ಮೇಡಂ ಫೋನ್ ಬಂತು.

"ಏನಪ್ಪಾ, ಸಂಜೆ ಎಲ್‌ಡ್ಯಾಪ್‌ನಲ್ಲಿ ಏನಾದ್ರೂ ರನ್ ಮಾಡಿದ್ಯಾ?"

"ಮೂರು ಜನರನ್ನ ಸೇರಿಸಿದೆ ಮೇಡಂ, ಅಷ್ಟೇ."

"ಆ ಫೈಲು ನಿನ್ನ ಹತ್ರ ಇದ್ಯಲ್ಲ. ತೆಗೆದು ಒಂದೊಂದೇ ಸಾಲು ಓದು."

ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಓದಿದೆ. ಮೂರನೇ ಸಾಲಿಗೆ ಬಂದಾಗ ಬಾಯಿ ಒಣಗಿತು. ಅವರೂ ಸುಮ್ಮನಾದರು. ಆಮೇಲೆ "ನೀನೂ ಆ ಗ್ರೂಪಲ್ಲೇ ಇದ್ದೆ ಅಲ್ವಾ?" ಅಂದರು. ಹೌದು, ನಾನೂ ಇದ್ದೆ, ಅವರೂ ಇದ್ದರು. ಹೊರಗಿನಿಂದ ಸರ್ವರ್ ಮುಟ್ಟೋಕೆ ಇಬ್ಬರಿಗೂ ದಾರಿ ಇರಲಿಲ್ಲ. ಬಸ್ಸಿಳಿದು, ಆಟೋ ಹಿಡಿದು, ಮಳೆಯಲ್ಲಿ ದೊಮ್ಮಲೂರು ಸೇರುವಾಗ ಹನ್ನೆರಡು ಹತ್ತಿರವಾಗಿತ್ತು.

ಇನ್ನೊಂದು ಸರ್ವರ್ ಇದೆಯಲ್ಲ, ಅಲ್ಲಿಂದ ಪಟ್ಟಿ ತೆಗೆದುಕೊಳ್ಳೋಣ ಅಂದುಕೊಂಡೆ. ಅಲ್ಲೂ ಮೂವರೇ. ರೆಪ್ಲಿಕಾ ಅನ್ನುವುದು ಬ್ಯಾಕಪ್ ಅಲ್ಲ. ಮುಖ್ಯ ಸರ್ವರ್‌ನಲ್ಲಿ ಆದ ಬದಲಾವಣೆಯನ್ನು ಹಾಗೇ ನಕಲು ಮಾಡುವುದೇ ಅದರ ಕೆಲಸ. ತಪ್ಪನ್ನೂ ಅಷ್ಟೇ ಬೇಗ ನಕಲು ಮಾಡುತ್ತದೆ. ಪುಣ್ಯಕ್ಕೆ ದಿನಾ ಬೆಳಗಿನ ಜಾವ 2 ಗಂಟೆಗೆ ಸ್ಲ್ಯಾಪ್‌ಕ್ಯಾಟ್ ಓಡಿಸಿ ಪೂರ್ತಿ ಡೈರೆಕ್ಟರಿಯನ್ನು ಒಂದು ಫೈಲಿಗೆ ಬರೆದಿಡುವ ಏರ್ಪಾಡನ್ನು ಮೇಡಂ ಹಿಂದೆಯೇ ಮಾಡಿದ್ದರು. ಆ ಫೈಲ್ ಇತ್ತು.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಮೊದಲನೆಯದಕ್ಕಿಂತ ಇದರ ಬಗ್ಗೆ ಜಾಸ್ತಿ ಹೇಳಬೇಕು. ಇದು ಗೊತ್ತಿಲ್ಲದವರು ತುಂಬಾ ಜನ ಇದ್ದಾರೆ.

ಬ್ಯಾಕಪ್ ಫೈಲಿನ ಆ ಎಂಟ್ರಿಯಿಂದ 'ಮೆಂಬರ್:' ಅಂತ ಶುರುವಾಗುವ ಸಾಲುಗಳನ್ನು ಗ್ರೆಪ್ (ಕೇಳಿದ ಪದ ಇರುವ ಸಾಲನ್ನು ಮಾತ್ರ ಎತ್ತುವ ಕಮಾಂಡ್) ಮಾಡಿ ತೆಗೆದೆ. ಎಣಿಸಿದೆ, 412. ಸರಿಯಾಗಿದೆ ಅಂತ ಎದೆ ಹಗುರವಾಯಿತು. ಈ ಸಲ ಆ್ಯಡ್ ಅಂತಲೇ ಬರೆದು, ಮೂರು ಸಲ ಓದಿ ಓಡಿಸಿದೆ. ಎರರ್ ಇಲ್ಲ. ನನ್ನ ವಿಪಿಎನ್ ಬಂತು, ಮೇಡಂದು ಬಂತು. ಒಂದೂವರೆಗೆ ಮನೆಗೆ ಹೋಗಿ ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ 37 ಜನ ರಾತ್ರಿಯಿಡೀ ಲಾಗಿನ್ ಆಗಿಲ್ಲ. ಅಷ್ಟೂ ಜನ ಕಾಂಟ್ರಾಕ್ಟ್‌ನವರು.

ಕಾರಣ ಎಲ್‌ಡಿಫ್ ಬರೆಯುವ ಕ್ರಮದಲ್ಲೇ ಇತ್ತು. 2000ದಲ್ಲಿ ಬಂದ ಆರ್‌ಎಫ್‌ಸಿ 2849 ಇದರ ನಿಯಮ. ಉದ್ದ ಸಾಲನ್ನು ಮುರಿದು, ಉಳಿದದ್ದನ್ನು ಮುಂದಿನ ಸಾಲಿನಲ್ಲಿ ಮೊದಲು ಒಂದು ಸ್ಪೇಸ್ ಬಿಟ್ಟು ಬರೆಯಬಹುದು. ಸ್ಲ್ಯಾಪ್‌ಕ್ಯಾಟ್, ಡೈರೆಕ್ಟರಿಯಲ್ಲಿ ಹುಡುಕುವ ಎಲ್‌ಡ್ಯಾಪ್‌ಸರ್ಚ್ ಎರಡೂ ಸುಮಾರು 76 ಅಕ್ಷರಕ್ಕೆ ಸಾಲು ಮುರಿಯುತ್ತವೆ. ಪರ್ಮನೆಂಟ್ ನೌಕರರ ಡಿಎನ್ ಅಷ್ಟರೊಳಗೆ ಮುಗಿಯುತ್ತಿತ್ತು. ಕಾಂಟ್ರಾಕ್ಟ್‌ನವರನ್ನು ಇನ್ನೊಂದು ಒಯು (ಡೈರೆಕ್ಟರಿಯ ಒಳವಿಭಾಗ) ಒಳಗೆ ಇಟ್ಟಿದ್ದರಿಂದ ಅವರ ಡಿಎನ್ ಉದ್ದ. ಅವರ ಐಡಿಗಳೆಲ್ಲ ಒಂದೇ ಅಳತೆ, ಹಾಗಾಗಿ ಎಲ್ಲರ ಸಾಲೂ ಒಂದೇ ಜಾಗದಲ್ಲಿ ಮುರಿದಿತ್ತು. ಕೊನೆಯ 'ಡಿಸಿ=ಕಾಮ್'ನಲ್ಲಿ 'ಡಿಸಿ=' ಮತ್ತು ಕಾಮ್‌ನ ಮೊದಲಕ್ಷರ ಮಾತ್ರ ಮೇಲಿನ ಸಾಲಿನಲ್ಲಿ ಉಳಿದಿತ್ತು, ಮಿಕ್ಕದ್ದು ಕೆಳಗೆ ಹೋಗಿತ್ತು. ಗ್ರೆಪ್ ಮೇಲಿನ ಸಾಲನ್ನು ಮಾತ್ರ ಎತ್ತಿಕೊಂಡಿತು. ಹಾಗಾಗಿ ಲೆಕ್ಕ ಸರಿ, ಒಳಗಿನ ವಿಳಾಸ ತುಂಡು.

ಸರ್ವರ್ ಯಾಕೆ ಬೇಡ ಅನ್ನಲಿಲ್ಲ? ಅದು ನೋಡುವುದು ಡಿಎನ್ ಬರೆದ ರೀತಿ ಸರಿ ಇದೆಯಾ ಅಂತ ಮಾತ್ರ. ಆ ವಿಳಾಸದಲ್ಲಿ ನಿಜವಾಗಿ ಯಾರಾದರೂ ಇದ್ದಾರಾ ಅಂತ ಮಾಮೂಲಿಯಾಗಿ ಹುಡುಕುವುದಿಲ್ಲ. ಇಲ್ಲದ 37 ಜನರನ್ನು ಗ್ರೂಪಿಗೆ ಸೇರಿಸಿಕೊಂಡು ಸುಮ್ಮನಿತ್ತು.

ಸ್ಲ್ಯಾಪ್‌ಕ್ಯಾಟ್‌ಗೂ ಎಲ್‌ಡ್ಯಾಪ್‌ಸರ್ಚ್‌ಗೂ ಮೈನಸ್ ಒ ಹಾಕಿ 'ಎಲ್‌ಡಿಫ್-ರ‍್ಯಾಪ್=ನೋ' ಅಂತ ಕೊಟ್ಟರೆ ಸಾಲು ಮುರಿಯುವುದಿಲ್ಲ. ಬ್ಯಾಕಪ್ ಫೈಲಿನ ಮುರಿದ ಸಾಲುಗಳನ್ನು ಮೊದಲು ಜೋಡಿಸಿ, ಹೊಸ ಮೂವರನ್ನೂ ಸೇರಿಸಿ, 415 ಪೂರ್ತಿ ವಿಳಾಸಗಳ ಪಟ್ಟಿ ಮಾಡಿದೆ. ಆಯುಧಪೂಜೆಯ ದಿನ ಬೆಳಗ್ಗೆ ಅದನ್ನು ಹಾಕಿದ್ದು ರಿಪ್ಲೇಸ್ ಮಾಡಿಯೇ. ಈ ಸಲ ಹಳೇದು ಪೂರ್ತಿ ಹೋಗಲಿ ಅಂತ ಬೇಕಂತಲೇ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಯಾವ ಎಂಟ್ರಿ ಮುಟ್ಟಬೇಕೋ ಅದನ್ನು ಮೊದಲು ಎಲ್‌ಡ್ಯಾಪ್‌ಸರ್ಚ್‌ನಲ್ಲಿ, ಸಾಲು ಮುರಿಯದ ಹಾಗೆ, ಒಂದು ಫೈಲಿಗೆ ಇಳಿಸಿಕೊಳ್ಳುತ್ತೇನೆ. ಆಮೇಲೆ ಮೈನಸ್ ಎನ್, ಮೈನಸ್ ವಿ ಎರಡೂ ಹಾಕಿ ಒಮ್ಮೆ ಓಡಿಸುತ್ತೇನೆ. ಏನೂ ಬದಲಾಗುವುದಿಲ್ಲ, ಆದರೆ 'ರಿಪ್ಲೇಸ್ ಮೆಂಬರ್' ಅಂತ ಕಣ್ಣಿಗೆ ಕಾಣುವ ಹಾಗೆ ಬರುತ್ತದೆ. ಇದೊಂದನ್ನೇ ನಂಬಬೇಡಿ. ಮೈನಸ್ ಎನ್ ಬದಲಾವಣೆಯನ್ನು ಸರ್ವರ್‌ಗೆ ಕಳಿಸುವುದೇ ಇಲ್ಲ, ಹಾಗಾಗಿ ಸರ್ವರ್ ಒಪ್ಪುತ್ತದೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ನಿಜವಾಗಿ ಓಡಿಸುವಾಗ ಮೈನಸ್ ಇ ಜೊತೆ 'ಪ್ರೀರೀಡ್=ಮೆಂಬರ್' ಕೊಡುತ್ತೇನೆ. ಬದಲಾಗುವ ಮುಂಚೆ ಏನಿತ್ತು ಅನ್ನುವುದನ್ನು ಸರ್ವರ್ ತಾನೇ ವಾಪಸ್ ಕಳಿಸುತ್ತದೆ. ಆ ದಿನ ಅದನ್ನು ಕೊಟ್ಟಿದ್ದರೆ 412 ಹೆಸರೂ ನನ್ನ ಸ್ಕ್ರೀನಿನ ಮೇಲೇ ಇರುತ್ತಿದ್ದವು.

ಡಿಲೀಟ್ ವಿಷಯದಲ್ಲೂ ಇದೇ ಅಪಾಯ ಇದೆ. 'ಡಿಲೀಟ್: ಮೆಂಬರ್' ಅಂತ ಬರೆದು ಕೆಳಗೆ ಯಾರ ಹೆಸರೂ ಹಾಕದಿದ್ದರೆ ಎಲ್ಲರನ್ನೂ ತೆಗೆ ಅಂತಲೇ ಅರ್ಥ. ಹಾಗೇ, ಒಂದು ಫೈಲಿನಲ್ಲಿ ಹತ್ತು ಎಂಟ್ರಿಗಳಿದ್ದು ಐದನೆಯದರಲ್ಲಿ ಎರರ್ ಬಂದರೆ ಮೊದಲ ನಾಲ್ಕು ವಾಪಸ್ ಆಗುವುದಿಲ್ಲ, ಬದಲಾದದ್ದು ಬದಲಾದ ಹಾಗೇ. ಮೈನಸ್ ಸಿ ಹಾಕಿದ್ದರೆ ಎರರ್ ಬಂದರೂ ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಅವಸರದಲ್ಲಿದ್ದಾಗ ಅದನ್ನು ಹಾಕಲೇಬೇಡಿ.

ಆ 37 ಜನರಿಗೆ ಅವತ್ತಿನ ರಾತ್ರಿ ಗೈರುಹಾಜರಿ ಅಂತ ಬಿತ್ತು. ಕಾಂಟ್ರಾಕ್ಟ್‌ನವರಿಗೆ ಗೈರುಹಾಜರಿ ಅಂದರೆ ಆ ದಿನದ ಸಂಬಳ ಇಲ್ಲ, ಅದೂ ಹಬ್ಬದ ಹೊತ್ತಿನಲ್ಲಿ. ಅವರಲ್ಲಿ ಒಬ್ಬ ಹುಡುಗ ನನಗೇ ಫೋನ್ ಮಾಡಿ, "ಸರ್, ನಾನು ಬೆಳಗ್ಗೆ ಆರು ಗಂಟೆವರೆಗೂ ಟ್ರೈ ಮಾಡ್ತಾನೇ ಇದ್ದೆ, ಅಷ್ಟು ಬರೆದುಕೊಡ್ತೀರಾ?" ಅಂತ ಕೇಳಿದ. ಬರೆದುಕೊಟ್ಟೆ. ಎಲ್ಲರ ಪರವಾಗಿಯೂ ಎಚ್‌ಆರ್‌ಗೆ ಮೂರು ಸಲ ಮೇಲ್ ಹಾಕಿದೆ, ಎರಡು ಸಲ ಹೋಗಿ ಎದುರಿಗೇ ಕೂತೆ. 34 ಜನರದ್ದು ಸರಿಯಾಯಿತು. ಉಳಿದ ಮೂವರನ್ನು ಕಳಿಸಿದ್ದ ಏಜೆನ್ಸಿ ಬೇರೆ. ಅವರ ದುಡ್ಡು ಇನ್ನೂ ಬಂದಿಲ್ಲ, ಈ ವಾರ ಮತ್ತೆ ಆ ಏಜೆನ್ಸಿಗೆ ಹೋಗುತ್ತಿದ್ದೇನೆ.