ಸೀರಿಯಾ ನ್ಯಾನೋಕಣ: ಎಒಟಿಯೋ, ಸಿಟಿಎಬಿಯೋ?

ಸೀರಿಯಂ ಆಕ್ಸೈಡ್ (ಸೀರಿಯಾ) ನ್ಯಾನೋಕಣಗಳನ್ನು, ಎಣ್ಣೆಯಂಥ ದ್ರವದೊಳಗೆ ಅತಿಸಣ್ಣ ನೀರಹನಿಗಳು ತೇಲುವ ಮೈಕ್ರೋಎಮಲ್ಷನ್‌ನಲ್ಲಿ ಮಾಡಬೇಕು ಅಂದರೆ ಮೊದಲ ಪ್ರಶ್ನೆ, ಆ ಹನಿಗಳನ್ನು ಹಿಡಿದಿಡುವ ಸೋಪಿನಂಥ ಪದಾರ್ಥ, ಅಂದರೆ ಸರ್ಫ್ಯಾಕ್ಟಂಟ್, ಯಾವುದು? ಎಒಟಿ (ಗಂಧಕವಿರುವ, ಋಣ ಆವೇಶದ ಸರ್ಫ್ಯಾಕ್ಟಂಟ್), ಸಿಟಿಎಬಿ (ಗಂಧಕವಿಲ್ಲದ, ಧನ ಆವೇಶದ್ದು), ನಾನು ಎರಡನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಸಿಟಿಎಬಿಗೆ.

ಶುರು ಮಾಡೋದಕ್ಕೆ ಎಒಟಿ ಬಲು ಸುಲಭ. ಐಸೋಆಕ್ಟೇನ್‌ನಲ್ಲಿ ಕರಗಿಸಿ, ಸ್ವಲ್ಪ ನೀರು ಹಾಕಿ ಅಲ್ಲಾಡಿಸಿದರೆ ಸಾಕು, ತಿಳಿಯಾದ ದ್ರವ ಸಿದ್ಧ. ಹನಿಯ ಗಾತ್ರವೂ ಹೇಳಿದ ಮಾತು ಕೇಳುತ್ತದೆ. ಒಂದು ಮೋಲ್ ಎಒಟಿಗೆ 10 ಮೋಲ್ ನೀರು ಇದ್ದರೆ ಒಳಗಿನ ನೀರಹನಿಯ ತ್ರಿಜ್ಯ ಸುಮಾರು 1.5–2 ನ್ಯಾನೋಮೀಟರ್. ಆದರೆ ಕಣವೂ ಅಷ್ಟೇ ಇರುತ್ತದೆ ಅಂದುಕೊಳ್ಳಬೇಡಿ. ಹನಿಗಳು ಡಿಕ್ಕಿ ಹೊಡೆದು ಒಳಗಿನದನ್ನು ಹಂಚಿಕೊಳ್ಳುತ್ತಲೇ ಇರುತ್ತವೆ.

ತೊಂದರೆ ಶುರುವಾಗೋದು ಸೀರಿಯಂ ಅನ್ನು ಕಣವಾಗಿ ಇಳಿಸಲು ಕ್ಷಾರವಾದ ಅಮೋನಿಯಾ ಹಾಕಿದಾಗ. ಎಒಟಿ ಒಂದು ಎಸ್ಟರ್, ಕ್ಷಾರದಲ್ಲಿ ನಿಧಾನವಾಗಿ ಒಡೆಯುತ್ತದೆ. ಅದರ ತಲೆ ಋಣ ಆವೇಶದ್ದು, ಹಾಗಾಗಿ ಸೀರಿಯಂ ಅಯಾನುಗಳು ಹನಿಯ ಗೋಡೆಗೆ ಅಂಟಿಕೊಳ್ಳುತ್ತವೆ. ಸರಿಯಾಗಿ ತೊಳೆಯದೆ ಸುಟ್ಟರೆ ಪುಡಿಯಲ್ಲಿ ಗಂಧಕ ಸಲ್ಫೇಟ್ ಆಗಿ ಉಳಿದುಬಿಡುತ್ತದೆ. ವೇಗವರ್ಧಕಕ್ಕೆ ಅಂತ ಮಾಡುತ್ತಿದ್ದರೆ ಇದು ದೊಡ್ಡ ತಲೆನೋವು ಅಲ್ವಾ?

ಸಿಟಿಎಬಿಗೆ ಹೆಕ್ಸನಾಲ್‌ನ ಜೊತೆ ಬೇಕು. ಚಳಿ ಇದ್ದರೆ ಹರಳುಗಟ್ಟಿ ಕೂರುತ್ತದೆ, ಫ್ಲಾಸ್ಕನ್ನು 30 ಡಿಗ್ರಿ ಆಸುಪಾಸಿನಲ್ಲಿ ಇಟ್ಟರೆ ಒಳ್ಳೆಯದು. ಇಷ್ಟು ಉಪಚಾರ ಮಾಡಿದರೆ ಅಮೋನಿಯಾಕ್ಕೆ ಜಗ್ಗುವುದಿಲ್ಲ. ಸೀರಿಯಂ ನೈಟ್ರೇಟ್ ಇರುವ ಎಮಲ್ಷನ್‌ಗೆ ಅಮೋನಿಯಾ ಇರುವ ಇನ್ನೊಂದು ಎಮಲ್ಷನ್ ಅನ್ನು ಹನಿಹನಿಯಾಗಿ ಬಿಡುತ್ತಾ ನೋಡಿ. ಮೊದಲು ತೆಳು ಮಬ್ಬು. ಗಾಳಿ ತಾಗುತ್ತಾ ನೇರಳೆ ಛಾಯೆ. ಕೊನೆಗೆ ತಿಳಿ ಹಳದಿ. ಸೀರಿಯಂನ ಆವೇಶ +3ರಿಂದ +4ಕ್ಕೆ ಹೋಗುವುದನ್ನು ಕಣ್ಣಾರೆ ನೋಡುವ ಖುಷಿಯೇ ಬೇರೆ!

ತೊಳೆಯುವುದು ಮಾತ್ರ ಎರಡರಲ್ಲೂ ಬೇಸರದ ಕೆಲಸ. ಎಥನಾಲ್ ಹಾಕಿ ಎಮಲ್ಷನ್ ಒಡೆದು, ಸೆಂಟ್ರಿಫ್ಯೂಜ್ ಮಾಡಿ, ಮತ್ತೆ ಎಥನಾಲ್. ಸಿಟಿಎಬಿಯನ್ನು ಬಿಡಿಸಲು ಬಿಸಿ ಎಥನಾಲ್ ವಾಸಿ. ಆಮೇಲೆ 400 ಡಿಗ್ರಿಯಲ್ಲಿ ಸುಡುತ್ತೇನೆ, ಉಳಿದ ಸಾವಯವ ಉರಿದು ಹೋಗುತ್ತದೆ. ಉಷ್ಣತೆ ಜಾಸ್ತಿ ಮಾಡಿದರೆ ಕಣಗಳು ಬೆಸೆದುಕೊಂಡು ದಪ್ಪಗಾಗುತ್ತವೆ, ಅಷ್ಟು ಹೊತ್ತು ಹನಿಯ ಗಾತ್ರಕ್ಕಾಗಿ ಪಟ್ಟ ಪಾಡು ನೀರಿಗೆ ಹೋದಂತೆ.

ಸರ್ಫ್ಯಾಕ್ಟಂಟ್ ಇಲ್ಲದೆ, ಬರೀ ನೀರಿನಲ್ಲೇ ಅಮೋನಿಯಾ ಹಾಕಿಯೂ ನೋಡಿದೆ. ಪುಡಿ ಧಾರಾಳವಾಗಿ ಸಿಗುತ್ತದೆ, ಕಣಗಳು ಮುದ್ದೆಗಟ್ಟುತ್ತವೆ. ಮೈಕ್ರೋಎಮಲ್ಷನ್‌ನಲ್ಲಿ ಸುರಿದ ದ್ರಾವಕಕ್ಕೆ ಹೋಲಿಸಿದರೆ ಸಿಗುವ ಪುಡಿ ಚಿಟಿಕೆಯಷ್ಟು. ನಿಮಗೆ ಪುಡಿಯೇ ಜಾಸ್ತಿ ಬೇಕಿದ್ದರೆ ಸುಮ್ನೆ ನೀರಿನ ದಾರಿ ಹಿಡಿಯಿರಿ. ಗಾತ್ರ ಒಂದೇ ಸಮ ಇರಬೇಕು, ಗಂಧಕವೂ ಇರಬಾರದು ಅಂದರೆ ಸಿಟಿಎಬಿ.