ಚಕ್ಕುಬಂದಿ ಇಲ್ಲದ ಬಿಡುಗಡೆ ಪತ್ರ: ಫ್ರೀಮಾಂಟ್‌ನ ಒಂದು ಕಾನೂನು ಕಚೇರಿಯ ಸೇವೆ ಕುರಿತು

ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ವರ್ಷ ನಡೆಸಿದ ಸ್ಯಾಂಡ್‌ವಿಚ್ ಫ್ರಾಂಚೈಸಿಯನ್ನು ಕಳೆದ ವರ್ಷ ಮಾರುವಾಗ, ವರ್ಗಾವಣೆಯ ಕಾಗದಪತ್ರ ನೋಡಿಕೊಳ್ಳಲು ಫ್ರೀಮಾಂಟ್‌ನ ಒಂದು ಸಣ್ಣ ಕಾನೂನು ಕಚೇರಿಯನ್ನು ಗೊತ್ತು ಮಾಡಿಕೊಂಡಿದ್ದೆ. ಬೆಲೆ ಕುದುರಿತ್ತು, ಎಸ್ಕ್ರೋ (ಮಾರಾಟ ಮುಗಿಯುವವರೆಗೆ ಹಣ, ಕಾಗದಪತ್ರಗಳನ್ನು ಮೂರನೆಯವರ ಬಳಿ ಇಡುವ ವ್ಯವಸ್ಥೆ) ತೆರೆದಾಗಿತ್ತು. ಇನ್ನೇನು ಸಹಿ ಹಾಕುವುದೊಂದೇ ಬಾಕಿ ಎನ್ನುವಾಗ ಫ್ರಾಂಚೈಸಿ ಕಂಪನಿಯಿಂದ 3 ಪುಟಗಳ ‘ಜನರಲ್ ರಿಲೀಸ್’ ಬಂತು. ಇದಕ್ಕೆ ಸಹಿ ಹಾಕದಿದ್ದರೆ ವರ್ಗಾವಣೆಗೆ ಒಪ್ಪಿಗೆ ಇಲ್ಲ.

ನನಗೆ ಗೊತ್ತಿದ್ದ ರಿಲೀಸ್ ಎಂದರೆ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ. ಯಾವ ಸರ್ವೆ ನಂಬರು, ಎಷ್ಟು ಗುಂಟೆ ಎಂಬುದೆಲ್ಲ ಅದರಲ್ಲಿ ಚಕ್ಕುಬಂದಿ ಸಮೇತ ಇರುತ್ತದೆ. ಈ ಪತ್ರಕ್ಕೆ ಚಕ್ಕುಬಂದಿಯೇ ಇರಲಿಲ್ಲ. ಕಂಪನಿ, ಅದರ ಅಧಿಕಾರಿಗಳು, ಅಂಗಸಂಸ್ಥೆಗಳು ಎಲ್ಲರ ಮೇಲಿನ, ಈವರೆಗಿನ, ನನಗೆ ತಿಳಿದಿರುವ ಮತ್ತು ತಿಳಿಯದ ಸಕಲ ತಕರಾರುಗಳನ್ನೂ ನಾನು ಬಿಟ್ಟುಕೊಡಬೇಕಿತ್ತು.

ವಕೀಲರ ಬೆರಳು ನಿಂತದ್ದು ಆ ‘ತಿಳಿಯದ’ ಎಂಬ ಮಾತಿನ ಮೇಲೆ. ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್‌ನ 1542ನೇ ಸೆಕ್ಷನ್ ಪ್ರಕಾರ, ಸಹಿ ಹಾಕುವ ಹೊತ್ತಿಗೆ ತನಗೆ ಗೊತ್ತಿರದ, ಗೊತ್ತಿದ್ದಿದ್ದರೆ ಒಪ್ಪಂದದ ಸ್ವರೂಪವನ್ನೇ ಬದಲಿಸುತ್ತಿದ್ದ ತಕರಾರುಗಳಿಗೆ ಜನರಲ್ ರಿಲೀಸ್ ಅನ್ವಯಿಸುವುದಿಲ್ಲ. ಆದ್ದರಿಂದಲೇ ಕಂಪನಿಗಳು ಆ ಸೆಕ್ಷನ್ನಿನ ರಕ್ಷಣೆಯನ್ನೂ ಬಿಟ್ಟುಕೊಡುತ್ತೇನೆ ಎಂಬ ಪ್ಯಾರಾ ಸೇರಿಸಿ, ಅದರ ಪಕ್ಕದಲ್ಲಿ ಬೇರೆಯಾಗಿ ಇನಿಶಿಯಲ್ ಹಾಕಿಸಿಕೊಳ್ಳುವುದುಂಟು. ನನ್ನ ಪ್ರತಿಯಲ್ಲಿಯೂ ಎರಡನೇ ಪುಟದ ಕೆಳಗೆ ಆ ಪುಟ್ಟ ಗೆರೆ ಇತ್ತು. ನಾನಾಗಿದ್ದರೆ ಕಣ್ಣುಮುಚ್ಚಿ ಹಾಕಿಬಿಡುತ್ತಿದ್ದೆ.

ಆಮೇಲೆ ವಕೀಲರು ನನ್ನ ಹಳೆಯ ಡಿಸ್‌ಕ್ಲೋಷರ್ ಡಾಕ್ಯುಮೆಂಟ್ (ಫ್ರಾಂಚೈಸಿ ಕೊಳ್ಳುವ ಮುನ್ನ ಕಂಪನಿ ಕೊಡುವ ವಿವರಪತ್ರ) ತರಿಸಿಕೊಂಡು, ಒಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ತೆರೆಯದ ಕ್ಯಾಲಿಫೋರ್ನಿಯಾ ಅನುಬಂಧವನ್ನು ತೋರಿಸಿದರು. ವರ್ಗಾವಣೆಗೆ ರಿಲೀಸ್ ಕೊಡಲೇಬೇಕೆಂಬ ಷರತ್ತು 17ನೇ ಐಟಂನ ಕೋಷ್ಟಕದಲ್ಲಿ ಮೊದಲಿನಿಂದಲೂ ಇತ್ತು. ಕಂಪನಿ ಹೊಸದಾಗಿ ಹುಟ್ಟುಹಾಕಿದ್ದೇನಲ್ಲ. ಆದರೆ ರಾಜ್ಯದ ಫ್ರಾಂಚೈಸಿ ಕಾನೂನುಗಳು ಕೊಟ್ಟ ಹಕ್ಕುಗಳನ್ನು ಬಿಟ್ಟುಕೊಡಿಸುವ ಷರತ್ತು ಅಸಿಂಧು ಎಂದು ಕಾರ್ಪೊರೇಷನ್ಸ್ ಕೋಡ್‌ನ 31512 ಮತ್ತು ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 20010ನೇ ಸೆಕ್ಷನ್‌ಗಳು ಹೇಳುತ್ತವೆ ಎಂಬ ಮಾತೂ ಅದೇ ಅನುಬಂಧದಲ್ಲಿ ಅಚ್ಚಾಗಿತ್ತು. ಇದನ್ನು ಹಿಡಿದುಕೊಂಡು ಅವರು ರಿಲೀಸಿನೊಳಗೇ ಆ ಎರಡು ಕಾನೂನುಗಳನ್ನು ಹೊರತುಪಡಿಸುವ ಒಂದು ವಾಕ್ಯ ಸೇರಿಸಿದರು. ಜಾಹೀರಾತು ನಿಧಿಯಿಂದ ನನಗೆ ಬರಬೇಕಿದ್ದ ಚಿಲ್ಲರೆ ಹಣವನ್ನೂ ಹೊರಗಿಟ್ಟರು. ಬಿಡುಗಡೆ ಎರಡೂ ಕಡೆಯಿಂದ ಇರಲಿ ಎಂಬ ಕೋರಿಕೆಯನ್ನು ಕಂಪನಿ ಒಪ್ಪಲಿಲ್ಲ. ವರ್ಗಾವಣೆಯ ದಿನದಿಂದಾಚೆಯ ರಾಯಲ್ಟಿಗೆ ನನ್ನ ವೈಯಕ್ತಿಕ ಜಾಮೀನು ಅನ್ವಯಿಸದು ಎಂದು ಬರೆದುಕೊಡಲು ಮಾತ್ರ ಒಪ್ಪಿತು. ಅಷ್ಟು ಪಡೆದದ್ದೇ ದೊಡ್ಡದು ಎಂದು ನನ್ನ ಅನಿಸಿಕೆ.

ಬೇಕಾದ ದಾಖಲೆಗಳೆಲ್ಲ ತಲುಪಿದ ಮೇಲೆ 60 ದಿನಗಳೊಳಗೆ ಕಂಪನಿ ವರ್ಗಾವಣೆಗೆ ಒಪ್ಪಿಗೆ ಇದೆಯೇ ಇಲ್ಲವೇ ಎಂದು ಲಿಖಿತ ಉತ್ತರ ಕೊಡಬೇಕೆಂಬ ನಿಯಮವಿದೆ. ಕಚೇರಿಯವರು ಆ ದಿನಾಂಕವನ್ನು ಗುರುತಿಟ್ಟುಕೊಂಡು ನೆನಪಿಸಿದ್ದರಿಂದ ಅಲ್ಲಿ ತೊಂದರೆಯಾಗಲಿಲ್ಲ.

ಎಡವಿದ್ದು ಬಾಡಿಗೆಯ ವಿಚಾರದಲ್ಲಿ. ಫ್ರಾಂಚೈಸಿ ಕಂಪನಿಯ ರಿಲೀಸ್ ಮಳಿಗೆಯ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಲೀಸಿಗೆ ನಾನು ಕೊಟ್ಟ ಜಾಮೀನಿನಿಂದ ಬಿಡುಗಡೆ ಬೇಕಾದರೆ ಅವರಿಂದಲೇ ಪ್ರತ್ಯೇಕ ಪತ್ರ ಪಡೆಯಬೇಕು. ಕಚೇರಿಗೆ ಇದು ನೆನಪಾದದ್ದು ಎಸ್ಕ್ರೋ ಮುಗಿಯಲು ನಾಲ್ಕು ದಿನವಿದ್ದಾಗ. ಆ ವಿಷಯಕ್ಕೆ ನಾನು ಮಾಡಿದ ಫೋನುಗಳಿಗೂ ಆರಾರು ನಿಮಿಷದ ಲೆಕ್ಕದಲ್ಲಿ ಬಿಲ್ಲು ಬಂತು, ಕೇಳಿದ ಮೇಲೆ ಅರ್ಧ ಇಳಿಸಿದರು. ಫ್ರಾಂಚೈಸಿ ಒಪ್ಪಂದದ ಓದಿಗೆ ಇವರನ್ನು ಧೈರ್ಯವಾಗಿ ನೇಮಿಸಿಕೊಳ್ಳಬಹುದು. ಲೀಸನ್ನು ಮಾತ್ರ ಮೊದಲ ಭೇಟಿಯಲ್ಲಿಯೇ ಅವರ ಮೇಜಿನ ಮೇಲಿಡಿ. ನನ್ನ ಮಾಲೀಕರ ಪತ್ರ ಇನ್ನೂ ಬಂದಿಲ್ಲ.